ಮುಂಬೈ ಹೈಯಲ್ಲಿರುವ ಸರಬರಾಜು ಹಡಗನ್ನು ಮನೆಯಿಂದ ಗಮನಿಸುವುದು ಹೇಗೆ?

ಪ್ರಶ್ನೆ (ಕುಂದಾಪುರ): ನನ್ನ ತಮ್ಮ ಮುಂಬೈ ಹೈ ತೈಲಕ್ಷೇತ್ರದ ಸರಬರಾಜು ಹಡಗೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಹಡಗಿನ ಹೆಸರು ಹಾಕಿ ಹುಡುಕಿದರೆ ನಕ್ಷೆಯ ಚುಕ್ಕಿ ಎರಡು ದಿನಗಳಿಂದ ಒಂದೇ ಕಡೆ ನಿಂತಿದೆ. ಅಮ್ಮ ಗಾಬರಿಯಾಗಿದ್ದಾರೆ. ಹಡಗಿನ ವಿವರಗಳನ್ನೂ ತಿಳಿಯಬೇಕಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಮರೈನ್ ಎಂಜಿನಿಯರ್, ಮಂಗಳೂರು: ತಂಗಿ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಹಡಗಿನ ಎ.ಐ.ಎಸ್. ಉಪಕರಣವು ತಾನಿರುವ ಜಾಗವನ್ನು ಚಲಿಸುವಾಗ ಕೆಲವೇ ಸೆಕೆಂಡುಗಳಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಗಳಿಗೊಮ್ಮೆ ವಿ.ಎಚ್.ಎಫ್. ರೇಡಿಯೊದಲ್ಲಿ ಬಿತ್ತರಿಸುತ್ತದೆ, ಆದರೆ ಮುಂಬೈ ಹೈ ದಡದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿರುವುದರಿಂದ ಆ ಅಲೆಗಳು ದಡದ ಆಂಟೆನಾಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಗ ಉಚಿತ ನಕ್ಷೆಯಲ್ಲಿ ಕೊನೆಯ ಬಾರಿ ಸಿಕ್ಕ ಜಾಗವೇ ಉಳಿದಿರುತ್ತದೆ. ಉಪಗ್ರಹದ ಮಾಹಿತಿಗೆ ಹೆಚ್ಚಿನ ಕಡೆ ಹಣ ಕೊಡಬೇಕು. ಆದ್ದರಿಂದ ಚುಕ್ಕಿಯನ್ನು ನೋಡುವ ಮೊದಲು ಅದರ ಪಕ್ಕದಲ್ಲಿರುವ ಸಮಯವನ್ನು ನೋಡಿ.

ಹೆಸರನ್ನು ನೆಚ್ಚಿಕೊಳ್ಳಬೇಡಿ. ಈ ಹಡಗುಗಳು ಕೈ ಬದಲಾದಾಗ ಹೆಸರೂ ಬದಲಾಗುತ್ತದೆ. ಧ್ವಜ, ಅಂದರೆ ನೋಂದಣಿಯ ದೇಶ, ಬದಲಾದರೆ ರೇಡಿಯೊದಲ್ಲಿ ಹಡಗನ್ನು ಗುರುತಿಸುವ 9 ಅಂಕಿಗಳ ಎಂ.ಎಂ.ಎಸ್.ಐ. ಸಂಖ್ಯೆಯೂ ಬದಲಾಗುತ್ತದೆ (ಭಾರತದ್ದು 419ರಿಂದ ಆರಂಭ). ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಹೆಸರಿನ 7 ಅಂಕಿಗಳ ಐ.ಎಂ.ಒ. ಸಂಖ್ಯೆ ಮಾತ್ರ ಹಡಗು ಒಡೆಯುವವರೆಗೂ ಒಂದೇ. ತಮ್ಮನಿಂದ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಬರೆದುಕೊಂಡದ್ದು ಸರಿಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು: 9074729 ಎಂಬ ಸಂಖ್ಯೆಯ ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 139 ಬರುತ್ತದೆ, ಅದರ ಕೊನೆಯ 9 ಏಳನೆಯ ಅಂಕಿಗೆ ಹೊಂದಬೇಕು. ನನ್ನ ಹಳೆಯ ಡೈರಿಯಲ್ಲಿ ಒಂದು ಅಂಕಿ ತಪ್ಪಿದ್ದು ಈ ಲೆಕ್ಕದಿಂದಲೇ ಗೊತ್ತಾಗಿತ್ತು.

ನಾವಿಕರ ಪತ್ನಿ, ಕಾರವಾರ: ಅಕ್ಕ, ಅದೇ ಐ.ಎಂ.ಒ. ಸಂಖ್ಯೆಯನ್ನು ಹಡಗುಗಳ ಮಾಹಿತಿ ಕೊಡುವ ಈಕ್ವಾಸಿಸ್ ಜಾಲತಾಣದಲ್ಲಿ ಹಾಕಿದರೆ ಕಟ್ಟಿದ ವರ್ಷ, ಟನ್ನೇಜ್, ಮಾಲೀಕರು, ಬಂದರು ತಪಾಸಣೆಗಳ ವಿವರ ಸಿಗುತ್ತದೆ, ನೋಂದಣಿ ಉಚಿತ. ಎಳೆಯುವ ಶಕ್ತಿಯಾದ ಬೊಲಾರ್ಡ್ ಪುಲ್, ಡೆಕ್ಕಿನ ವಿಸ್ತೀರ್ಣ ಮುಂತಾದವು ಸಾಮಾನ್ಯವಾಗಿ ಮಾಲೀಕರ ವಿವರಪಟ್ಟಿಯಲ್ಲಿರುತ್ತವೆ. ನಾನಂತೂ ಮೊದಲು ಡಿ.ಪಿ. (ಲಂಗರಿಲ್ಲದೆ ಯಂತ್ರಗಳ ಬಲದಿಂದಲೇ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆ) ದರ್ಜೆಯನ್ನೇ ನೋಡುತ್ತೇನೆ. ಡಿ.ಪಿ. 2 ಎಂದರೆ ಚಾಲನೆಯಲ್ಲಿರುವ ಒಂದು ಯಂತ್ರಭಾಗ ಕೆಟ್ಟರೂ ಹಡಗು ತನ್ನ ಜಾಗ ಬಿಟ್ಟು ಸರಿಯಬಾರದು. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿನ ಕೊಳವೆಗೆ ಹಡಗು ತಾಗಿ ಬೆಂಕಿ ಹತ್ತಿದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಎಂಜಿನಿಯರ್, ಮತ್ತೊಮ್ಮೆ: ಒಂದು ಮಾತು ಬಿಟ್ಟಿದ್ದೆ. ತಲುಪುವ ಬಂದರಿನ ಹೆಸರನ್ನು ಸಿಬ್ಬಂದಿ ಕೈಯಿಂದ ತುಂಬುತ್ತಾರೆ, ಬದಲಿಸಲು ಮರೆಯುವುದೂ ಉಂಟು. ಅದನ್ನು ನಂಬಿ ದಿನ ಎಣಿಸಬೇಡಿ. ಕಂಪನಿಯ ಸಿಬ್ಬಂದಿ ವಿಭಾಗದ ದೂರವಾಣಿಯನ್ನೂ ಕರಾವಳಿ ಕಾವಲು ಪಡೆಯ 1554ನ್ನೂ ಅಮ್ಮನ ಕೈಗೆ ಸಿಗುವಂತೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.