ಫ್ಲಾಸ್ಕ್‌ನಲ್ಲಿ ಅಡಿಕೆ ಸುಲಿತದ ಲೆಕ್ಕ: ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ಮೊಬೈಲ್‌ನಲ್ಲಿ ಇಲ್ಲ

ತೀರ್ಥಹಳ್ಳಿ ಹುಡುಗ:
ನಮ್ಮನೆಯಲ್ಲಿ ಸುಲಿತ ಶುರುವಾಗಿದೆ. ರಾತ್ರಿ ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಯಾರದ್ದು ಎಷ್ಟು ಡಬ್ಬ ಆಯಿತು ಅಂತ ಅಮ್ಮ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾರೆ. ಅದನ್ನೇ ಫ್ಲಾಸ್ಕ್‌ನಲ್ಲಿ, ಅಂದ್ರೆ ಪೈಥಾನ್‌ನಲ್ಲಿ ವೆಬ್ ಪುಟ ಮಾಡುವ ಫ್ರೇಮ್‌ವರ್ಕ್‌ನಲ್ಲಿ, ಮಾಡಿದೆ. ಒಂದೇ ಪೈಥಾನ್ ಫೈಲು, 90 ಸಾಲು, ಲೆಕ್ಕ ಇಡಲು ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಚಿಕ್ಕ ಡೇಟಾಬೇಸ್). ಫ್ಲಾಸ್ಕ್‌ನಂಥದ್ದೇ ಆದರೆ ದೊಡ್ಡದಾದ ಜಾಂಗೋನೂ ನೋಡಿದ್ದೆ. ಇಷ್ಟು ಕೆಲಸಕ್ಕೆ ಅಷ್ಟೊಂದು ಫೋಲ್ಡರ್ ಯಾಕೆ ಅಂತ ಬಿಟ್ಟೆ. ಇಲ್ಲಿ ಇಂಟರ್ನೆಟ್ ನಂಬಿ ಕೂತರೆ ಆಗುವುದಿಲ್ಲ, ಮನೆ ವೈಫೈ ಒಳಗೇ ನಡೆಯಬೇಕು.

ಲ್ಯಾಪ್‌ಟಾಪ್‌ನಲ್ಲಿ 5000 ಪೋರ್ಟ್‌ನಲ್ಲಿ ಚೆನ್ನಾಗಿ ಬರುತ್ತದೆ. ಅಮ್ಮನ ಮೊಬೈಲ್‌ನಲ್ಲಿ ಏನೂ ಇಲ್ಲ. ಇನ್ನೊಂದು: ಡೇಟಾಬೇಸ್ ಕನೆಕ್ಷನ್ ಫೈಲಿನ ಮೇಲ್ಗಡೆ ಒಂದೇ ಸಲ ತೆರೆದಿದ್ದೇನೆ. ಒಂದು ಥ್ರೆಡ್‌ನಲ್ಲಿ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆ) ತೆರೆದದ್ದನ್ನು ಇನ್ನೊಂದರಲ್ಲಿ ಬಳಸಬಾರದು ಅಂತ ಎರರ್ ಬಂತು. ಅದನ್ನು ತಪಾಸಣೆ ಮಾಡುವ ‘ಚೆಕ್ ಸೇಮ್ ಥ್ರೆಡ್’ ಫಾಲ್ಸ್ ಮಾಡಿ ಬಾಯಿ ಮುಚ್ಚಿಸಿದೆ. ತಪ್ಪಾ?

ಸಾಗರದವ:
ಸುಮ್ನೆ ಓಡಿಸಿದರೆ ಫ್ಲಾಸ್ಕ್ 127.0.0.1ರಲ್ಲಿ ಮಾತ್ರ ಕಿವಿ ಕೊಡುತ್ತದೆ. ಅಂದ್ರೆ ಅದೇ ಲ್ಯಾಪ್‌ಟಾಪ್‌ಗೆ ಮಾತ್ರ. ರನ್ ಮಾಡುವಾಗ ಹೋಸ್ಟ್ 0.0.0.0 ಅಂತ ಕೊಡಿ. ಮೊಬೈಲ್‌ನಲ್ಲಿ ಲ್ಯಾಪ್‌ಟಾಪ್‌ನ ವೈಫೈ ಐಪಿ ಹಾಕಿ, ಕೊನೆಗೆ :5000. ಆಗಲೂ ಬರದಿದ್ದರೆ ಫೈರ್‌ವಾಲ್ ನೋಡಿ. ತಪ್ಪು ಹುಡುಕಲು ಇರುವ ಡೀಬಗ್ ಮೋಡ್ ಮಾತ್ರ ಆಫ್ ಮಾಡಿ ಮಾರಾಯ್ರೆ! ಅದು ತೋರಿಸುವ ಎರರ್ ಪುಟದಿಂದಲೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಓಡಿಸಬಹುದು. ಪಿನ್ ಕೇಳುತ್ತದೆ ನಿಜ, ಆದರೂ ಬೇಡ.

ಹೊಸನಗರ ಅಕ್ಕ:
ಬಾಯಿ ಮುಚ್ಚಿಸಿದ್ದು ತಪ್ಪೇ ತಮ್ಮಾ. ಫ್ಲಾಸ್ಕ್ ಒಂದೊಂದು ರಿಕ್ವೆಸ್ಟನ್ನೂ ಬೇರೆ ಥ್ರೆಡ್‌ನಲ್ಲಿ ನಡೆಸುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಒಬ್ಬರ ಅರ್ಧ ಬರೆದ ಲೆಕ್ಕವನ್ನು ಇನ್ನೊಬ್ಬರ ಕಮಿಟ್ (ಬರೆದದ್ದನ್ನು ಕಾಯಂ ಮಾಡುವ ಆಜ್ಞೆ) ಸೇರಿಸಿಬಿಡಬಹುದು. ರಿಕ್ವೆಸ್ಟ್ ಬಂದಾಗ ಕನೆಕ್ಷನ್ ತೆರೆದು ‘ಜಿ’ಯಲ್ಲಿ (ಆ ರಿಕ್ವೆಸ್ಟ್ ಮುಗಿಯುವವರೆಗೆ ಮಾತ್ರ ಫ್ಲಾಸ್ಕ್ ಕೊಡುವ ಜಾಗ) ಇಡು, ಕೊನೆಗೆ ತಾನೇ ಓಡುವ ಟೇರ್‌ಡೌನ್‌ನಲ್ಲಿ ಮುಚ್ಚು. ಹತ್ತು ಸಾಲೂ ಆಗುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಉಳಿದವರು ಕಾಯುತ್ತಾರೆ. ಸುಲಿತದ ಮನೆಗೆ ಅದು ಧಾರಾಳ ಸಾಕು. ರೂಟರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ಕಾಯಂ ಮಾಡಿಡು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಬದಲಾಗಿ, ಅಮ್ಮನಿಗೆ ಹೊಸ ನಂಬರ್ ಹೇಳುತ್ತಾ ಕೂರಬೇಕು.

ತೀರ್ಥಹಳ್ಳಿ ಹುಡುಗ:
ಎರಡೂ ಸರಿಯಾಯಿತು, ಥ್ಯಾಂಕ್ಸ್ ಅಕ್ಕ, ಅಣ್ಣ. ಅಮ್ಮ ಮಾತ್ರ ಗೋಡೆ ಬಿಟ್ಟಿಲ್ಲ. ನಿನ್ನೆ ಮೊಬೈಲ್‌ನಲ್ಲಿ ಎರಡು ಡಬ್ಬ ಜಾಸ್ತಿ ಬಂತು. ಗೋಡೆಯದ್ದೇ ಸರಿ! ಪುಟ ರಿಫ್ರೆಶ್ ಮಾಡಿದಾಗ ಅದೇ ಡಬ್ಬ ಮತ್ತೆ ಸೇರಿತ್ತು. ಈಗ ಪೋಸ್ಟ್ (ಲೆಕ್ಕ ಕಳಿಸುವುದು) ಆದಮೇಲೆ ಬೇರೆ ಪುಟಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿದ್ದೇನೆ. ಇವತ್ತು ರಾತ್ರಿ ಮತ್ತೆ ತಾಳೆ ನೋಡಬೇಕು.