ಸಂಕಟದಲ್ಲಿರುವವರ ಜೊತೆ ಮಾತನಾಡಲು ನಮ್ಮಂಥವರಿಗೆ ತರಬೇತಿ ಸಿಗುತ್ತದೆಯೇ?

ಪ್ರಶ್ನೆ: ಹಾಲು ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಮಾನ್ಯರೇ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಊರಿನ ಹೆಚ್ಚುಕಡಿಮೆ ಎಲ್ಲ ಮನೆಯವರೂ ಕ್ಯಾನ್ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಯಾರ ಮನೆಯ ಹಸು ಈದಿದೆ, ಯಾರ ಎಮ್ಮೆ ಬತ್ತಿದೆ, ಹಿಂಡಿಯ ಬಾಕಿ ತೀರಿಸಲಾಗದೆ ಯಾರು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ ಎಂಬುದು ಬೇರೆಯವರಿಗಿಂತ ಮೊದಲು ನನಗೆ ತಿಳಿಯುತ್ತದೆ.

ಎರಡು ತಿಂಗಳ ಹಿಂದೆ ನಮ್ಮ ಹಿರಿಯ ಸದಸ್ಯರೊಬ್ಬರು ಸಂಜೆಯ ಹಾಲು ಹಾಕಿ, ಚೀಟಿ ತೆಗೆದುಕೊಂಡ ಮೇಲೂ ಹೋಗದೆ ಅಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಲೆಕ್ಕ ಎಲ್ಲಾ ಮುಗಿಸಿಬಿಡ್ರಿ, ಯಾರದೂ ಬಾಕಿ ಉಳಿಯೂದು ಬ್ಯಾಡ" ಎಂದರು. ನಾನು ಕಂಪ್ಯೂಟರಿನಿಂದ ತಲೆ ಎತ್ತದೆಯೇ, "ಹಂಗ್ಯಾಕ ಅಂತೀರಿ ಕಾಕಾ, ಧೈರ್ಯ ತಗೋರಿ, ಎಲ್ಲಾ ಸರಿ ಆಗತೈತಿ" ಎಂದೆ. ಅದಾದ ಮೂರನೆಯ ದಿನ ಅವರು ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದರು. ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದಿದ್ದಾರೆ. ಈಗ ಮನೆಗೆ ಬಂದಿದ್ದಾರೆ, ಆದರೆ ಡೈರಿಗೆ ಮಗ ಬರುತ್ತಾನೆಯೇ ಹೊರತು ಅವರು ಬರುವುದಿಲ್ಲ.

ಅಂದಿನ ಅವರ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ವೈದ್ಯನಲ್ಲ, ಆಪ್ತಸಮಾಲೋಚಕನೂ ಅಲ್ಲ, ಪಿಯುಸಿ ಓದಿದವನು. ಇಂಥ ಮಾತು ಕಿವಿಗೆ ಬಿದ್ದಾಗ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ನನ್ನಂಥವರಿಗೆ ಕಲಿಸುವ ತರಬೇತಿ ಇದೆಯೇ? ಅದಕ್ಕೂ ಮೊದಲು, ಈಗ ಆ ಹಿರಿಯರ ಮನೆಗೆ ಹೋಗಬೇಕೆಂದಿದ್ದೇನೆ, ಆದರೆ ಏನೋ ಹೇಳಲು ಹೋಗಿ ಏನೋ ಆಗಿ ಅವರ ಮನಸ್ಸನ್ನು ಇನ್ನಷ್ಟು ಕೆಡಿಸಿಬಿಡುತ್ತೇನೋ ಎಂಬ ಭಯವಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ಸಹಾಯವಾಣಿಯ ಸ್ವಯಂಸೇವಕಿ, ಬೆಂಗಳೂರು

ನಮಸ್ಕಾರ. ಮೊದಲಿಗೆ ಒಂದು ಮಾತು. ನೀವು ಅಂದು ಆಡಿದ್ದು ನಮ್ಮ ನಾಡಿನಲ್ಲಿ ಯಾರೇ ಆದರೂ ಆಡುತ್ತಿದ್ದ ಮಾತು. ಕಷ್ಟ ಹೇಳಿಕೊಂಡವರಿಗೆ ಧೈರ್ಯ ಹೇಳುವುದೇ ದೊಡ್ಡ ಉಪಕಾರ ಎಂದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಲಾಗಿದೆ. ತರಬೇತಿಗೆ ಬಂದಾಗ ನಾನು ಮೊದಲು ಬಿಡಬೇಕಾಗಿ ಬಂದದ್ದೇ ಆ ಅಭ್ಯಾಸವನ್ನು, ಮತ್ತು ಅದು ಸುಲಭವಾಗಿರಲಿಲ್ಲ.

ವೈದ್ಯರಲ್ಲದವರು ಈ ಕೆಲಸ ಮಾಡಬಹುದೇ ಎಂಬ ನಿಮ್ಮ ಸಂಕೋಚಕ್ಕೆ ಒಂದು ಹಳೆಯ ಸಂಗತಿಯೇ ಉತ್ತರ ಕೊಡುತ್ತದೆ. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯುವ ಯೋಚನೆಯಲ್ಲಿರುವವರು ತನ್ನನ್ನು ಸಂಪರ್ಕಿಸಲಿ ಎಂದು ದೂರವಾಣಿ ಸೇವೆಯೊಂದನ್ನು ಆರಂಭಿಸಿದರು. ಬಂದವರು ಸರದಿಗಾಗಿ ಕಾಯುವಾಗ ಅವರಿಗೆ ಚಹಾ ಕೊಟ್ಟು ಜೊತೆಗಿರಲು ಕೆಲವು ಸಾಮಾನ್ಯ ಜನರು ನೆರವಾಗುತ್ತಿದ್ದರು. ಆ ಜನರ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ಮೇಲೆ ಅನೇಕರಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದನ್ನು ಕಂಡುಕೊಂಡ ವಾರಾ, ಕೇಳಿಸಿಕೊಳ್ಳುವ ಕೆಲಸವನ್ನೇ ಸ್ವಯಂಸೇವಕರಿಗೆ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಆತ್ಮಹತ್ಯೆ ತಡೆಗಾಗಿ ಚೆನ್ನೈಯಲ್ಲಿ 1986ರಲ್ಲಿ ಆರಂಭವಾದ ಸ್ನೇಹಾ ಸಂಸ್ಥೆ ನಡೆಯುವುದೂ ಸ್ವಯಂಸೇವಕರ ಬಲದಿಂದಲೇ.

ಇನ್ನು ತರಬೇತಿಯ ವಿಷಯ. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಆಂಥೊನಿ ಜಾರ್ಮ್ ದಂಪತಿ ರೂಪಿಸಿದ ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆಯ ಪಠ್ಯವಿದೆ. ಪ್ರವಾಹ, ಭೂಕಂಪದಂಥ ಆಘಾತಗಳ ನಂತರ ಜನರ ಜೊತೆ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯಿದೆ. ಅದರ ಸಾರ ಮೂರೇ ಕ್ರಿಯಾಪದಗಳಲ್ಲಿದೆ: ನೋಡಿ, ಆಲಿಸಿ, ಜೋಡಿಸಿ (ಅಂದರೆ, ನೆರವು ಕೊಡಬಲ್ಲವರ ಜೊತೆ ಸಂಪರ್ಕ ಕಲ್ಪಿಸಿ). ಹೆಸರು ಯಾವುದೇ ಇರಲಿ, ಒಳಗೆ ಕಲಿಸುವುದು ಬಹುಮಟ್ಟಿಗೆ ಒಂದೇ.

ನಮಗೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರನ್ನು ಕಷ್ಟದಲ್ಲಿರುವವರನ್ನಾಗಿ, ಇನ್ನೊಬ್ಬರನ್ನು ಕೇಳುವವರನ್ನಾಗಿ ಮಾಡಿ ಅಭ್ಯಾಸ ಮಾಡಿಸುತ್ತಿದ್ದರು. ಮೊದಲ ದಿನ ನಾನು ಎರಡು ನಿಮಿಷದೊಳಗೆ ಐದು ಸಲಹೆ ಕೊಟ್ಟಿದ್ದೆ. ಎದುರಿಗಿದ್ದವರು ಅಭಿನಯಿಸುತ್ತಿದ್ದರಷ್ಟೆ, ಆದರೂ ನನ್ನ ಪ್ರತಿಯೊಂದು ಸಲಹೆಗೂ ಅವರ ಮಾತು ಕಡಿಮೆಯಾಗುತ್ತಾ ಹೋದದ್ದನ್ನು ತರಬೇತುದಾರರು ನನಗೆ ತೋರಿಸಿಕೊಟ್ಟರು. ಆಮೇಲೆ ವಾರಗಟ್ಟಲೆ ಕಲಿತದ್ದು ಸುಮ್ಮನಿರುವುದನ್ನು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ತಿರುಗಿ ಹೇಳುವುದನ್ನು, ಮತ್ತು ಎಲ್ಲಕ್ಕಿಂತ ಕಷ್ಟದ ಆ ಒಂದು ಪ್ರಶ್ನೆಯನ್ನು ನೇರವಾಗಿ ಕೇಳುವುದನ್ನು.

ಆ ಪ್ರಶ್ನೆ ಇದು: "ಸಾಯಬೇಕು ಅನ್ನುವ ಯೋಚನೆ ಬಂದಿದೆಯೇ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಈ ಬಗ್ಗೆ ನಡೆದ ಅಧ್ಯಯನಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ, ಬದಲಾಗಿ ಬಹಳ ಜನರಿಗೆ ಎದೆಯ ಭಾರ ಇಳಿದಂತಾಗುತ್ತದೆ. ಹೌದು ಎಂದರೆ, ಹೇಗೆ, ಯಾವಾಗ ಎಂದು ಏನಾದರೂ ಯೋಚಿಸಿದ್ದಾರೆಯೇ ಎಂದು ಮೆಲ್ಲಗೆ ಕೇಳಬೇಕು. ಯೋಜನೆ ಸ್ಪಷ್ಟವಾಗಿದ್ದಷ್ಟೂ ಅಪಾಯ ಹತ್ತಿರವಿದೆ ಎಂದು ತಿಳಿಯಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. "ಯಾರಿಗೂ ಹೇಳುವುದಿಲ್ಲ" ಎಂಬ ಮಾತನ್ನು ಮಾತ್ರ ಕೊಡಬೇಡಿ. ಗುಟ್ಟನ್ನು ಊರಿಗೆ ಹಂಚುವುದಿಲ್ಲ, ಆದರೆ ಜೀವಕ್ಕೆ ಅಪಾಯವಿದ್ದರೆ ನೆರವಾಗಬಲ್ಲವರಿಗೆ ತಿಳಿಸುತ್ತೇನೆ ಎಂದು ಮೊದಲೇ ಹೇಳುವುದು ಪ್ರಾಮಾಣಿಕತೆ.

ಉತ್ತರ 2: ಸಮುದಾಯ ಶುಶ್ರೂಷಕ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ

ಮೇಲಿನ ಸಹೋದರಿ ಕೇಳಿಸಿಕೊಳ್ಳುವ ಬಗ್ಗೆ ಹೇಳಿದ್ದಾರೆ. ಜೋಡಿಸುವ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಹಳ್ಳಿಗಳಲ್ಲಿ ಕೆಲಸ ಮಾಡುವವರು ಎಡವುವುದು ಅಲ್ಲೇ.

ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮಾನಸಿಕ ಆರೋಗ್ಯದ ಸೇವೆಯನ್ನು ಹಳ್ಳಿಗೆ ಮುಟ್ಟಿಸಬಹುದು ಎಂಬುದು ಸಾಬೀತಾದದ್ದು ನಮ್ಮ ರಾಜ್ಯದಲ್ಲಿಯೇ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿಯೂ ಈ ಕಾರ್ಯಕ್ರಮದ ತಂಡವಿದೆ. ಸಂಘದ ಕಾಗದದಲ್ಲಿ ಒಂದು ಮನವಿ ಬರೆದು ಕೊಟ್ಟು, ಸದಸ್ಯರಿಗೂ ಸಿಬ್ಬಂದಿಗೂ ಒಂದು ದಿನದ ತರಬೇತಿ ಬೇಕೆಂದು ಕೇಳಿ. ಶಾಲೆ, ಕಾಲೇಜು, ಪಂಚಾಯಿತಿಗಳಲ್ಲಿ ಅರಿವು ಮೂಡಿಸುವುದು ನಮ್ಮ ಕೆಲಸದ ಭಾಗವೇ ಆಗಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ನಿಮಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ದೂರವಲ್ಲ. ರಾತ್ರಿ ಹೊತ್ತು ಏನಾದರೂ ಆದರೆ 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ. ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಟದಲ್ಲಿರುವವರಷ್ಟೇ ಅಲ್ಲ, ಅವರ ಜೊತೆಗಿರುವ ನಿಮ್ಮಂಥವರೂ ಕರೆ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.

ಆ ಹಿರಿಯರ ಮನೆಯವರು ಪೊಲೀಸ್ ಕೇಸಿನ ಭಯದಲ್ಲಿರಬಹುದು. ಅನೇಕರು ಇದೇ ಭಯದಿಂದ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಾರೆ, ಮುಂದಿನ ಚಿಕಿತ್ಸೆಗೂ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ; ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಒದಗಿಸುವುದು ಸರ್ಕಾರದ ಕರ್ತವ್ಯ. ಇದನ್ನು ಅವರ ಮಗನಿಗೆ ಬಿಡಿಸಿ ಹೇಳಿ.

ನೀವು ಅವರ ಮನೆಗೆ ಹೋಗಬೇಕೇ ಎಂದು ಕೇಳಿದ್ದೀರಿ. ಖಂಡಿತ ಹೋಗಬೇಕು, ಒಮ್ಮೆಯಲ್ಲ, ಮತ್ತೆ ಮತ್ತೆ. ಒಮ್ಮೆ ಪ್ರಯತ್ನಿಸಿದವರಿಗೆ ಆಸ್ಪತ್ರೆಯಿಂದ ಬಂದ ನಂತರದ ತಿಂಗಳುಗಳೇ ಹೆಚ್ಚು ಅಪಾಯದ ಕಾಲ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ, 1,867 ಜನರ ಮೇಲೆ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಸುಮಾರು ಒಂದು ಗಂಟೆ ಕೂರಿಸಿ ವಿಷಯ ತಿಳಿಸಿ, ನಂತರದ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 0.2, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ ಶೇ 2.2. ಈ ಅಂಕಿಗಳನ್ನು ಓದಿದಾಗಲೆಲ್ಲ ನನಗೆ ಹಾಲಿನ ಡೈರಿ, ಹಿಟ್ಟಿನ ಗಿರಣಿ, ಪಡಿತರ ಅಂಗಡಿಗಳೇ ನೆನಪಾಗುತ್ತವೆ. ಒಂಬತ್ತು ಸಲ ವಿಚಾರಿಸಲು ನಮ್ಮ ತಂಡ ಹೆಣಗಾಡಬೇಕು. ಹತ್ತು ಹೆಜ್ಜೆ ನಡೆದರೆ ಅವರ ಮನೆ ಮುಟ್ಟುವವರು ನೀವು.

ಇನ್ನೊಂದು ಮುಖ್ಯ ವಿಷಯವಿದೆ. ಸಾಯಬೇಕೆನ್ನುವ ತೀವ್ರ ಗಳಿಗೆ ಬಹಳ ಸಲ ಅಲ್ಪಕಾಲದ್ದು. ಆ ಗಳಿಗೆಯಲ್ಲಿ ಪ್ರಾಣಾಪಾಯದ ವಸ್ತು ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ್ದರಿಂದ, 1995ರಿಂದ 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಅದೇ ದೇಶದಲ್ಲಿ ಮನೆಮನೆಗೆ ಬೀಗವಿರುವ ಪೆಟ್ಟಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆ ಮನೆಯಲ್ಲಿರುವ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನು ಮನೆಯಲ್ಲೇ ಬೀಗ ಹಾಕಿಡುವುದಕ್ಕಿಂತ, ಕೆಲವು ತಿಂಗಳು ಮನೆಯಿಂದಲೇ ಹೊರಗೆ, ನಂಬಿಕಸ್ಥರ ಬಳಿ ಇಡುವಂತೆ ಮಗನಿಗೆ ಹೇಳಿ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಕೀಟನಾಶಕಗಳನ್ನು ಊರಿನ ಒಂದೇ ಕಟ್ಟಡದಲ್ಲಿ ಬೀಗ ಹಾಕಿ ಇಡುವ ಪ್ರಯೋಗ ನಡೆದಿದೆ, ರೈತರು ಅದನ್ನು ಒಪ್ಪಿಕೊಂಡಿದ್ದಾರೆ. ಸಹಕಾರ ಸಂಘಗಳು ಮನಸ್ಸು ಮಾಡಿದರೆ ನಮ್ಮಲ್ಲೂ ಆಗದ ಕೆಲಸವಲ್ಲ.

ಉತ್ತರ 3: ಪ್ರೌಢಶಾಲಾ ಶಿಕ್ಷಕಿ, ತುಮಕೂರು

ನಾನು ಯಾವ ತರಬೇತಿಯನ್ನೂ ಪಡೆದವಳಲ್ಲ. ಒಂಬತ್ತು ವರ್ಷಗಳ ಹಿಂದೆ ಆ ಹಿರಿಯರ ಜಾಗದಲ್ಲಿ ನಾನಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ನೋಡಲು ಬಂದವರು ಎರಡು ಬಗೆಯವರು. "ಮಕ್ಕಳ ಮುಖ ನೋಡಬಾರದಿತ್ತೇನಮ್ಮಾ" ಎಂದು ಬುದ್ಧಿ ಹೇಳಿದವರು ಕೆಲವರಾದರೆ, ಏನೂ ಆಗಿಲ್ಲವೆಂಬಂತೆ ಮಳೆ ಬೆಳೆಯ ಮಾತಾಡಿ ಹೋದವರು ಹಲವರು. ಮೊದಲನೆಯವರಿಂದ ನಾಚಿಕೆ ಹೆಚ್ಚಾಯಿತು, ಎರಡನೆಯವರಿಂದ ಒಂಟಿತನ. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಒಬ್ಬರು ಮಾತ್ರ ಬಂದು, ಪಕ್ಕದಲ್ಲಿ ಕೂತು, "ಎಷ್ಟು ನೋವಾಗಿತ್ತು ಮೇಡಂ ನಿಮಗೆ" ಎಂದರು. ಮತ್ತೇನೂ ಹೇಳಲಿಲ್ಲ. ನಾನು ಅತ್ತೆ. ಮುಂದಿನ ವಾರ ಅವರು ಮತ್ತೆ ಬಂದರು.

ನೇರ ಪ್ರಶ್ನೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆ ಪ್ರಶ್ನೆಗೆ ಮೊದಲ ಸಲ ನಾನು ಇಲ್ಲ ಎಂದೇ ಹೇಳಿದ್ದೆ. ಎಲ್ಲರೂ ಕೇಳಿದೊಡನೆ ಮನಸ್ಸು ಬಿಚ್ಚುತ್ತಾರೆಂದು ತರಬೇತಿ ಪಡೆದವರು ಭಾವಿಸಬಾರದು. ಇನ್ನೊಂದು ದಿನ ಕೇಳಿದಾಗ ಹೇಳಬಹುದು, ಏಕೆಂದರೆ ಇವರ ಬಳಿ ಇದನ್ನು ಆಡಬಹುದು ಎಂಬ ಭರವಸೆ ಅಷ್ಟು ಹೊತ್ತಿಗೆ ಹುಟ್ಟಿರುತ್ತದೆ. ಮತ್ತು ನಮ್ಮ ಜನ "ಖಿನ್ನತೆ" ಎನ್ನುವುದಿಲ್ಲ. ಜೀವಕ್ಕೆ ಬೇಸರವಾಗಿದೆ, ಎದೆ ಭಾರವಾಗಿದೆ, ಯಾವುದೂ ಬೇಡ ಅನಿಸಿದೆ ಎನ್ನುತ್ತಾರೆ. ನಿಮ್ಮ ಹಿರಿಯರು ಲೆಕ್ಕ ಮುಗಿಸಿ ಎಂದದ್ದೂ ಅಂಥದೇ ಮಾತು. ತರಬೇತಿ ಕೊಡುವವರು ಈ ಮಾತುಗಳನ್ನು ಆಯಾ ಊರಿನವರಿಂದಲೇ ಕೇಳಿ ಪಠ್ಯಕ್ಕೆ ಸೇರಿಸಿಕೊಳ್ಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಉತ್ತರ 4: ಸಹಾಯವಾಣಿಯ ಸ್ವಯಂಸೇವಕಿ, ಬೆಂಗಳೂರು

ಮೇಡಂ, ನಿಮ್ಮ ಮಾತನ್ನು ನಮ್ಮ ಮುಂದಿನ ತಂಡಕ್ಕೆ ಓದಿ ಹೇಳಲು ದಯವಿಟ್ಟು ಅನುಮತಿ ಕೊಡಿ.

ಕಾರ್ಯದರ್ಶಿಗಳೇ, ನಿಮಗೆ ಇನ್ನೊಂದು ವಿಷಯ ಹೇಳುವುದು ಬಿಟ್ಟುಹೋಗಿತ್ತು. ಸರದಿ ಮುಗಿದ ಮೇಲೆ ನಾವು ಕೇಳಿದ್ದನ್ನು, ಹೆಸರು ಹೇಳದೆ, ಹಿರಿಯ ಸ್ವಯಂಸೇವಕರೊಬ್ಬರ ಬಳಿ ಹೇಳಿಕೊಂಡೇ ಮನೆಗೆ ಹೋಗುವುದು ನಮ್ಮ ನಿಯಮ. ನಿಮಗೂ ಅಂಥ ಒಬ್ಬರು ಬೇಕು. ಎರಡು ತಿಂಗಳಿಂದ ಆ ಒಂದು ಸಂಜೆಯನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ. 14416ಕ್ಕೆ ನಿಮಗಾಗಿಯೂ ಕರೆ ಮಾಡಿ.

ಪ್ರಶ್ನೆ ಕೇಳಿದವರಿಂದ, ಎಂಟು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಭಾನುವಾರ ಸಂಜೆಯ ಹಾಲಿನ ಕೆಲಸ ಮುಗಿಸಿ ಅವರ ಮನೆಗೆ ಹೋದೆ. ಅಂದು ನೀವು ಆಡಿದ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಕಾಕಾ ಎಂದೆ. ಅವರು ಏನೂ ಅನ್ನಲಿಲ್ಲ. ಬಾಯಿಗೆ ಬಂದ ಸಮಾಧಾನದ ಮಾತನ್ನು ನಾನೂ ನುಂಗಿಕೊಂಡೆ. ಕೊಟ್ಟಿಗೆಯ ಹಸುಗಳಿಗೆ ಮಗ ಮೇವು ಹಾಕಿ ಮುಗಿಸುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದೆವು. ಆಮೇಲೆ ಅವರೇ ಮಾತು ತೆಗೆದರು. ಸಾಲದ್ದು ಸ್ವಲ್ಪ, ತೀರಿಕೊಂಡ ಹೆಂಡತಿಯದು ಬಹಳ. ಈಗಲೂ ಆ ಯೋಚನೆ ಬರುತ್ತದೆಯೇ ಎಂದು ಕೇಳಿದೆ. "ರಾತ್ರಿ ಒಮ್ಮೊಮ್ಮೆ ಬರತೈತಿ" ಎಂದರು. ಅಂಥ ರಾತ್ರಿ ನನಗೆ ಫೋನ್ ಮಾಡಬೇಕೆಂದು ಕೇಳಿಕೊಂಡೆ, ಮಗ ಅವರ ಕೋಣೆಯಲ್ಲೇ ಮಲಗುತ್ತಿದ್ದಾನೆ. ಅವರ ಒಪ್ಪಿಗೆ ಪಡೆದು ಮಗನ ಮುಂದೆಯೇ 14416ಕ್ಕೆ ಮಾತಾಡಿಸಿದೆ. ಹೊಲದ ಔಷಧಿಗಳು ಈಗ ಅವರ ತಮ್ಮನ ಮನೆಯಲ್ಲಿವೆ. ಬರುವ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆ.

ತರಬೇತಿಗೆ ಆಡಳಿತ ಮಂಡಳಿ ಒಪ್ಪಿದೆ, ಜಿಲ್ಲಾ ಆಸ್ಪತ್ರೆಗೆ ಮನವಿ ಕೊಟ್ಟಿದ್ದೇವೆ. ನನ್ನ ಜೊತೆಗೆ ನಮ್ಮ ಹಾಲು ಪರೀಕ್ಷಕಿ, ಆಶಾ ಕಾರ್ಯಕರ್ತೆ ಮತ್ತು ಗೊಬ್ಬರದ ಅಂಗಡಿಯವರೂ ಕೂರುತ್ತಾರೆ. ಶುಶ್ರೂಷಕರಲ್ಲಿ ಒಂದು ವಿನಂತಿ: ಆ ತಮಿಳುನಾಡಿನ ಹಳ್ಳಿಗಳಲ್ಲಿ ಕೀಟನಾಶಕದ ಕಟ್ಟಡದ ಬೀಗದ ಕೈಯನ್ನು ಯಾರ ಬಳಿ, ಯಾವ ಹೊತ್ತಿನಲ್ಲಿ ಇಡುತ್ತಿದ್ದರು ಎಂಬ ವಿವರ ಸಿಕ್ಕರೆ ತಿಳಿಸಿ. ನಮ್ಮ ಸಂಘದ ಹಳೆಯ ಪಶು ಆಹಾರದ ಗೋದಾಮು ಖಾಲಿ ಇದೆ.