ಹದಿನಾಲ್ಕು ತಿಂಗಳು ಜಿಮ್‌ಗೆ ಹೋದರೂ ಸ್ನಾಯು ಬೆಳೆಯುತ್ತಿಲ್ಲ, ತಪ್ಪುತ್ತಿರುವುದು ಎಲ್ಲಿ?

ಬೆಣ್ಣೆನಗರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ವಯಸ್ಸು 29, ಎತ್ತರ 170 ಸೆಂ.ಮೀ., ತೂಕ 61 ಕೆ.ಜಿ. ಹದಿನಾಲ್ಕು ತಿಂಗಳಿಂದ ವಾರಕ್ಕೆ ಆರು ದಿನ ಬೆಳಗಿನ ಐದೂವರೆಗೆ ಜಿಮ್‌ನಲ್ಲಿರುತ್ತೇನೆ, ಮಳೆಗಾಲದಲ್ಲಿಯೂ ತಪ್ಪಿಸಿದವನಲ್ಲ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಮತ್ತು ಶುಕ್ರವಾರ ತೋಳು, ಶನಿವಾರ ಕಾಲು ಎಂಬುದು ನಮ್ಮ ಟ್ರೈನರ್ ಹಾಕಿಕೊಟ್ಟ ಕ್ರಮ. ಎದೆಯ ದಿನ ಎದೆಗೇ ಸುಮಾರು 20 ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದೊಂದು ಸುತ್ತು) ಆಗುತ್ತದೆ. ಒಂದೇ ವ್ಯಾಯಾಮ ಸ್ನಾಯುವಿಗೆ ರೂಢಿಯಾಗಿಬಿಟ್ಟರೆ ಅದು ಬೆಳೆಯುವುದನ್ನು ನಿಲ್ಲಿಸುತ್ತದೆ ಎಂದು ಹೇಳಿ ಅವರು ಪ್ರತಿ ವಾರವೂ ವ್ಯಾಯಾಮಗಳನ್ನು ಬದಲಿಸುತ್ತಾರೆ. ಮರುದಿನ ಮೈ ನೋಯದಿದ್ದರೆ ಹಿಂದಿನ ದಿನದ ಶ್ರಮ ವ್ಯರ್ಥವೆಂದು ನಾನೂ ನಂಬಿಕೊಂಡು ಬಂದಿದ್ದೇನೆ.

ಮೊದಲ ಮೂರು ತಿಂಗಳಲ್ಲಿ ನನ್ನ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) 20 ಕೆ.ಜಿ.ಯ ಬರಿಯ ರಾಡ್‌ನಿಂದ 40 ಕೆ.ಜಿ.ಗೆ ಏರಿತು. ಆಮೇಲಿನ ಹನ್ನೊಂದು ತಿಂಗಳಲ್ಲಿ ಏರಿದ್ದು ಐದೇ ಕೆ.ಜಿ. ದೇಹದ ತೂಕ 60ರಿಂದ 61 ಆಗಿದೆ, ಅಷ್ಟೇ. ಮೊಣಕಾಲು ಸವೆಯುತ್ತದೆಂದು ಮನೆಯಲ್ಲಿ ಹೆದರಿಸಿದ್ದರಿಂದ ಸ್ಕ್ವಾಟ್ (ತೂಕ ಹೊತ್ತು ಕುಳಿತು ಏಳುವುದು) ಮಾಡುವುದಿಲ್ಲ. ಮನೆಯ ಊಟ ಸಸ್ಯಾಹಾರ. ಹೊರಗೆ ಮೊಟ್ಟೆ ತಿನ್ನುತ್ತೇನೆ. ರಾತ್ರಿ ಮಲಗುವಾಗ ಹನ್ನೊಂದೂವರೆಯಾಗುತ್ತದೆ. ಶ್ರಮಕ್ಕೆ ನಾನು ಹಿಂಜರಿಯುವುದಿಲ್ಲ, ಆದರೆ ಆ ಶ್ರಮ ಎಲ್ಲಿ ಸೋರಿಹೋಗುತ್ತಿದೆ ಎಂಬುದು ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಗರಡಿಮಣ್ಣು (ಮೈಸೂರು):

ನಮಸ್ಕಾರ. ತಮಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಮೂರು ವಾರದ ಹಿಂದಿನ ಸೋಮವಾರ ಯಾವ ವ್ಯಾಯಾಮವನ್ನು ಎಷ್ಟು ತೂಕದಲ್ಲಿ ಎಷ್ಟು ರೆಪ್ (ಅಂದರೆ ಎಷ್ಟು ಸಲ) ಮಾಡಿದಿರೆಂದು ಹೇಳಬಲ್ಲಿರಾ? ಹೇಳಲಾಗದಿದ್ದರೆ ಸೋರಿಕೆ ಇರುವುದು ಅಲ್ಲೇ. ಈ ವಾರ ಬೆಂಚ್ ಪ್ರೆಸ್, ಮುಂದಿನ ವಾರ ಮಷೀನ್, ಅದರ ಮುಂದಿನ ವಾರ ಕೇಬಲ್ ಎಂದು ಬದಲಿಸುತ್ತಾ ಹೋದರೆ, ಹಿಂದಿನದಕ್ಕಿಂತ ಹೆಚ್ಚು ಮಾಡಿದಿರೋ ಕಡಿಮೆ ಮಾಡಿದಿರೋ ಎಂದು ಅಳೆಯುವ ದಾರಿಯೇ ಇರುವುದಿಲ್ಲ.

ಸ್ನಾಯುವಿಗೆ ಗೊಂದಲ ಹುಟ್ಟಿಸುವ ಅಗತ್ಯವಿಲ್ಲ. ಅದು ಬೆಳೆಯುವುದು ತನ್ನ ಮೇಲೆ ಬಿದ್ದ ಎಳೆತಕ್ಕೆ ಪ್ರತಿಯಾಗಿ. ಹಗುರವಾದ ಕೆಲಸಕ್ಕೆ ನರಮಂಡಲವು ಸ್ನಾಯುವಿನ ಚಿಕ್ಕ ಎಳೆಗಳನ್ನು (ನಾರುಗಳನ್ನು) ಮಾತ್ರ ದುಡಿಸಿಕೊಳ್ಳುತ್ತದೆ. ಶ್ರಮ ಹೆಚ್ಚಿದಂತೆ ದೊಡ್ಡ ಎಳೆಗಳನ್ನು ಒಂದೊಂದಾಗಿ ಕರೆಯುತ್ತದೆ, ಮತ್ತು ಚೆನ್ನಾಗಿ ದಪ್ಪವಾಗಬಲ್ಲವು ಈ ದೊಡ್ಡ ಎಳೆಗಳೇ. ಆದ್ದರಿಂದ ಒಂದು ಸೆಟ್‌ನಲ್ಲಿ ನಿಜವಾದ ಬೆಲೆಯಿರುವುದು ಕೊನೆಯ ನಾಲ್ಕೈದು ರೆಪ್‌ಗಳಿಗೆ, ಅಂದರೆ ತೂಕವನ್ನು ಎಷ್ಟೇ ವೇಗವಾಗಿ ತಳ್ಳಬೇಕೆಂದರೂ ಅದು ನಿಧಾನವಾಗಿಯೇ ಮೇಲೇರುವ ಆ ಗಳಿಗೆಗೆ. ಇನ್ನು ಒಂದೋ ಎರಡೋ ರೆಪ್ ಮಾತ್ರ ಉಳಿದಿದೆ ಎನ್ನಿಸಿದಾಗ ಸೆಟ್ ನಿಲ್ಲಿಸಿದರೆ ಸಾಕು. ಹೀಗೆ ಮಾಡಿದರೆ 6 ರೆಪ್‌ನ ಭಾರವಾದ ಸೆಟ್ಟೂ 25 ರೆಪ್‌ನ ಹಗುರ ಸೆಟ್ಟೂ ಸ್ನಾಯುವನ್ನು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆಸುತ್ತವೆ. 25ರ ಸೆಟ್‌ನಲ್ಲಿ ಉಸಿರು ಮೊದಲೇ ಸೋಲುವುದರಿಂದ 6ರಿಂದ 12 ಅನುಕೂಲ.

ದಿನಕ್ಕೆ 20 ಸೆಟ್ ಎಂದಿದ್ದೀರಿ. ಎಲ್ಲ ಸೆಟ್ಟನ್ನೂ ಮೇಲೆ ಹೇಳಿದಂತೆ ಮಾಡಿದವರಿಗೆ ಎಂಟನೆಯ ಸೆಟ್ ದಾಟುವುದೇ ಕಷ್ಟ. ಇಪ್ಪತ್ತು ಮಾಡಲು ಸಾಧ್ಯವಾಗುತ್ತಿದೆಯೆಂದರೆ ಅವುಗಳಲ್ಲಿ ಬಹುಪಾಲು ಕೈಯಾಡಿಸಿದ್ದು ಮಾತ್ರ ಎಂದು, ತಾವು ಬೇಸರಿಸಿಕೊಳ್ಳುವುದಿಲ್ಲವೆಂಬ ನಂಬಿಕೆಯಿಂದ, ನೇರವಾಗಿ ಹೇಳುತ್ತಿದ್ದೇನೆ. ಒಂದು ಸ್ನಾಯುವಿಗೆ ವಾರಕ್ಕೆ 10ರಿಂದ 12 ಗಟ್ಟಿ ಸೆಟ್‌ಗಳನ್ನು ಎರಡು ದಿನಗಳಿಗೆ ಹಂಚಿರಿ. ಎರಡು ದಿನ ಮೇಲ್ಭಾಗ, ಎರಡು ದಿನ ಕೆಳಭಾಗ, ಒಟ್ಟು ನಾಲ್ಕು ದಿನ. ಮೇಲ್ಭಾಗಕ್ಕೆ ಬೆಂಚ್ ಪ್ರೆಸ್, ರೋ (ತೂಕವನ್ನು ಹೊಟ್ಟೆಯ ಕಡೆಗೆ ಎಳೆಯುವುದು), ಓವರ್‌ಹೆಡ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು), ಲ್ಯಾಟ್ ಪುಲ್‌ಡೌನ್ (ಮೇಲಿನ ಕಂಬಿಯನ್ನು ಎದೆಯವರೆಗೆ ಎಳೆಯುವುದು). ಸಮಯ ಉಳಿದರೆ ತೋಳಿಗೆ ಎರಡೆರಡು ಸೆಟ್. ಕೆಳಭಾಗಕ್ಕೆ ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ರಾಡ್ ಹಿಡಿದು ಸೊಂಟದಿಂದ ಬಾಗಿ ಏಳುವುದು), ಲೆಗ್ ಕರ್ಲ್ (ಮಷೀನ್‌ನಲ್ಲಿ ಮೊಣಕಾಲು ಮಡಚುವುದು), ಮೀನಖಂಡಕ್ಕೆ ಕಾಫ್ ರೈಸ್ (ಹಿಮ್ಮಡಿ ಎತ್ತಿ ಇಳಿಸುವುದು). ಭಾರದ ಸೆಟ್‌ಗಳ ನಡುವೆ ಎರಡರಿಂದ ಮೂರು ನಿಮಿಷ ಕುಳಿತುಕೊಳ್ಳಿ.

ತೂಕ ಏರಿಸುವ ಲೆಕ್ಕ ಹೀಗೆ. 45 ಕೆ.ಜಿ.ಯಲ್ಲಿ ಮೊದಲ ದಿನ 8, 8, 7 ರೆಪ್ ಆಯಿತು ಎನ್ನೋಣ. ಅದನ್ನು ಬರೆದಿಡಿ. ಮುಂದಿನ ಸಲ ಯಾವುದಾದರೂ ಒಂದು ಸೆಟ್‌ನಲ್ಲಿ ಒಂದೇ ಒಂದು ರೆಪ್ ಹೆಚ್ಚು ಮಾಡುವುದು ಗುರಿ. ಮೂರೂ ಸೆಟ್ 12 ಮುಟ್ಟಿದ ದಿನ ಜಿಮ್‌ನಲ್ಲಿರುವ ಅತಿ ಚಿಕ್ಕ ಪ್ಲೇಟ್‌ಗಳನ್ನು ಸೇರಿಸಿ ಮತ್ತೆ 8ರಿಂದ ಆರಂಭಿಸಿ. ಇದೇನೂ ಹೊಸ ಶೋಧವಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರ ಕಾಲುಗಳಿಗೆ ಬಲ ತುಂಬಲು ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಅನುಸರಿಸಿ 1945ರಲ್ಲಿ ಪ್ರಕಟಿಸಿದ ಕ್ರಮದ ತಿರುಳೂ ಇದೇ: ಹತ್ತು ಸಲ ಮಾತ್ರ ಎತ್ತಬಹುದಾದ ತೂಕ ಯಾವುದೆಂದು ಕಂಡುಕೊಂಡು, ವಾರ ವಾರವೂ ಅದನ್ನು ಹೊಸದಾಗಿ ಅಳೆದು ಏರಿಸುವುದು. ನಾನು ಹುಡುಗನಾಗಿದ್ದಾಗ ನಮ್ಮ ಗರಡಿಯಲ್ಲಿ ಉಸ್ತಾದರು ಮೊದಲು ಚಿಕ್ಕ ಕಲ್ಲುಗುಂಡು ಕೊಟ್ಟು, ಅದು ಹದವಾಗಿ ಏಳುವವರೆಗೆ ದೊಡ್ಡದನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಮೊದಲ ಮೂರು ತಿಂಗಳ ಏರಿಕೆಯ ಬಗ್ಗೆ ಒಂದು ಮಾತು. ಅದರಲ್ಲಿ ಬಹುಪಾಲು ನರಗಳು ಆ ಚಲನೆಯನ್ನು ಕಲಿತದ್ದರಿಂದ ಬಂದ ಬಲ. ಬಲವೂ ಗಾತ್ರವೂ ನಂಟುಳ್ಳವಾದರೂ ಒಂದೇ ಅಲ್ಲ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕೆ.ಜಿ. ವಿಭಾಗದಲ್ಲಿ ಸ್ಪರ್ಧಿಸಿ, ಎರಡು ಬಗೆಯ ಎತ್ತುವಿಕೆಗಳು ಸೇರಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ತಮಗಿಂತ ಹಗುರವಾದ ದೇಹದಲ್ಲಿ ಅಂಥ ಬಲ! ತಾವು ಬಯಸುತ್ತಿರುವುದು ಗಾತ್ರವಾದ್ದರಿಂದ ಗಟ್ಟಿ ಸೆಟ್‌ಗಳ ಜೊತೆಗೆ ಊಟವನ್ನೂ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆರು ದಿನವನ್ನು ನಾಲ್ಕಕ್ಕೆ ಇಳಿಸಿದರೆ ಎರಡು ಬೆಳಗಿನ ನಿದ್ದೆ ತಾನಾಗಿಯೇ ಸಿಗುತ್ತದೆ.

ಫಿಸಿಯೋ_ಹುಬ್ಬಳ್ಳಿ:

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ನಾನು ಫಿಸಿಯೋಥೆರಪಿಸ್ಟ್ ಆಗಿರುವುದರಿಂದ ಸ್ಕ್ವಾಟ್ ವಿಷಯವನ್ನಷ್ಟೇ ಬಿಡಿಸಿ ಬರೆಯುತ್ತೇನೆ. ನೋವಿಲ್ಲದ, ಹಿಂದೆ ಪೆಟ್ಟಾಗಿರದ ಮೊಣಕಾಲು ಕ್ರಮವಾಗಿ ಏರಿಸಿದ ಸ್ಕ್ವಾಟ್‌ನಿಂದ ಸವೆದುಹೋಗುವುದಿಲ್ಲ. ಸುತ್ತಲಿನ ಸ್ನಾಯು, ಸ್ನಾಯುರಜ್ಜುಗಳು ಬಲಗೊಂಡು ಕೀಲಿಗೆ ಆಸರೆಯೇ ಆಗುತ್ತವೆ. ಮೊಣಕಾಲು ಕಾಲ್ಬೆರಳುಗಳನ್ನು ದಾಟಿ ಮುಂದೆ ಹೋಗಲೇಬಾರದೆಂಬ ಮಾತು ಜಿಮ್‌ಗಳಲ್ಲಿ ಬಹಳ ಪ್ರಚಲಿತವಾಗಿದೆ. ಬಲವಂತವಾಗಿ ಹಾಗೆ ತಡೆದರೆ ಮೊಣಕಾಲಿನ ಮೇಲಿನ ಹೊರೆ ಸ್ವಲ್ಪ ಇಳಿಯುವುದು ನಿಜ, ಆದರೆ ದೇಹ ಮುಂದಕ್ಕೆ ಬಾಗಿ ಆ ಹೊರೆ ಸೊಂಟಕ್ಕೂ ಕೆಳಬೆನ್ನಿಗೂ ಹಲವು ಪಟ್ಟಾಗಿ ದಾಟುತ್ತದೆ. ತೊಡೆಯೆಲುಬು ಉದ್ದವಿರುವವರಿಗೆ ಮೊಣಕಾಲು ಮುಂದೆ ಹೋಗದೆ ಆಳಕ್ಕೆ ಕುಳಿತುಕೊಳ್ಳಲು ಆಗುವುದೇ ಇಲ್ಲ. ಗಮನಿಸಬೇಕಾದದ್ದು ಇಷ್ಟು: ಹಿಮ್ಮಡಿ ನೆಲಬಿಟ್ಟು ಏಳಬಾರದು, ಮೊಣಕಾಲು ಒಳಕ್ಕೆ ಕುಸಿಯದೆ ಪಾದದ ದಿಕ್ಕಿನಲ್ಲಿಯೇ ಸಾಗಬೇಕು, ಇಳಿಯುವ ಮುನ್ನ ಹೊಟ್ಟೆ ತುಂಬ ಉಸಿರೆಳೆದು ನಡುವನ್ನು ಬಿಗಿಹಿಡಿಯಬೇಕು. ಎರಡು ವಾರ ಎದೆಯ ಮುಂದೆ ಒಂದು ಡಂಬೆಲ್ ಹಿಡಿದು ಮಾಡಿ, ಆಮೇಲೆ ರಾಡ್‌ಗೆ ಹೋಗಿ.

ಯಾವ ವ್ಯಾಯಾಮದಲ್ಲಿಯೇ ಆಗಲಿ ಇಳಿಸುವಾಗ ತೂಕವನ್ನು ಬೀಳಲು ಬಿಡದೆ ಎರಡು ಸೆಕೆಂಡಿನಷ್ಟು ತಡೆದು ಇಳಿಸಿ, ಸ್ನಾಯು ಪೂರ್ತಿ ಹಿಗ್ಗುವವರೆಗೆ ಹೋಗಿ. ಬೆಂಚ್ ಪ್ರೆಸ್‌ನಲ್ಲಿ ರಾಡನ್ನು ಎದೆಗೆ ತಾಗಿಸದೆ ಅರ್ಧದಲ್ಲಿಯೇ ಹಿಂದಿರುಗಿಸುವವರನ್ನು ನಾನು ಬಹಳ ನೋಡಿದ್ದೇನೆ. ಅವರು ಬಿಟ್ಟುಬಿಡುವ ಕೆಳಗಿನ ಅರ್ಧದಲ್ಲಿಯೇ ಬೆಳವಣಿಗೆಗೆ ಹೆಚ್ಚು ಪ್ರಚೋದನೆ ಇರುತ್ತದೆ.

ಮೈನೋವಿನ ಬಗ್ಗೆ: ಮರುದಿನ ಬರುವ ನೋವು ಮುಖ್ಯವಾಗಿ ಅಪರಿಚಿತ ಕೆಲಸದ ಗುರುತು. ಅದೇ ಕೆಲಸವನ್ನು ಎರಡನೆಯ, ಮೂರನೆಯ ಸಲ ಮಾಡಿದಾಗ ದೇಹ ಒಗ್ಗಿಕೊಂಡು ನೋವು ಇಳಿಯುತ್ತದೆ, ಬೆಳವಣಿಗೆ ಮಾತ್ರ ನಡೆದೇ ಇರುತ್ತದೆ. ತಮಗೆ ವಾರವಾರವೂ ನೋವು ಬರುತ್ತಿರುವುದು ವ್ಯಾಯಾಮ ಬದಲಾಗುತ್ತಿರುವುದರಿಂದ. ಆದರೆ ಕೀಲಿನಲ್ಲಿ ಚುಚ್ಚಿದಂತಾದರೆ, ಒಂದೇ ಬದಿಗೆ ನೋವು ಬಂದರೆ, ಎತ್ತುವಾಗಲೇ ನೋವು ಕಾಣಿಸಿದರೆ ಅದು ಬೇರೆ ವಿಷಯ. ಅಂದು ನಿಲ್ಲಿಸಿ ತೋರಿಸಿಕೊಳ್ಳಿ.

ಬೆಣ್ಣೆನಗರಿ:

ತಮ್ಮಿಬ್ಬರಿಗೂ ಕೃತಜ್ಞತೆಗಳು. ಸರ್, ತಾವು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿನ್ನೆಯೇ ಒಂದು ನೂರು ಪುಟದ ನೋಟ್‌ಬುಕ್ ಕೊಂಡಿದ್ದೇನೆ. ಊಟದ ವಿಷಯವನ್ನೂ ಯಾರಾದರೂ ವಿವರಿಸಬೇಕು. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ ಸಾರು, ದಿನ ಬಿಟ್ಟು ದಿನ ಎರಡು ಮೊಟ್ಟೆ. ಬೇಳೆ ದಿನಾಲೂ ತಿನ್ನುತ್ತಿರುವುದರಿಂದ ಪ್ರೋಟೀನ್ ಸಾಕಾಗುತ್ತದೆ ಎಂದುಕೊಂಡಿದ್ದೆ.

ಕರಾವಳಿ_ಟೀಚರ್:

ನಾನೂ ಹಾಗೆಯೇ ಅಂದುಕೊಂಡಿದ್ದವಳು. ಒಂದು ದಿನ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟು ಅಳೆದ ಮೇಲೆ ವಿಷಯ ಸ್ಪಷ್ಟವಾಯಿತು. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುವುದು ನಿಜ. ಆದರೆ ನಾಲ್ಕು ಜನರ ಮನೆಯಲ್ಲಿ ಸಾರಿಗೆ ನೂರು ಗ್ರಾಂ ಬೇಳೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು ಐದೂವರೆ ಗ್ರಾಂ. ತಿಳಿಯನ್ನೇ ಬಡಿಸಿಕೊಂಡರೆ ಅದೂ ಇಲ್ಲ. 2018ರಲ್ಲಿ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ತೂಕ ಎತ್ತುವವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್‌ವರೆಗೆ ಲಾಭ ಹೆಚ್ಚುತ್ತದೆ, ಅದರಾಚೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ತಮಗೆ ಅದು 98 ಗ್ರಾಂ. ಈಗ ತಿನ್ನುತ್ತಿರುವುದು ಅದರ ಅರ್ಧ ದಾಟಿದರೆ ಹೆಚ್ಚು.

ಮನೆಯ ಊಟವನ್ನು ಬದಲಿಸುವುದು ಬೇಡ, ಪಕ್ಕದಲ್ಲಿ ಸೇರಿಸುತ್ತಾ ಹೋಗಿ. ದಿನಾಲೂ ಮೂರು ಮೊಟ್ಟೆಯೆಂದರೆ 18 ಗ್ರಾಂ. ಅರ್ಧ ಲೀಟರ್ ಹಾಲು 16, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು 7. ಒಣಗಿದ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26 ಗ್ರಾಂ ಸಿಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿದರೆ ಮನೆಯವರೂ ಬೇಡವೆನ್ನುವುದಿಲ್ಲ. ಮಂಡಕ್ಕಿಯನ್ನು ಬಿಡಲು ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಆದರೆ ಅದರಲ್ಲಿ ಒಂದು ಹಿಡಿ ಶೇಂಗಾ, ಒಂದು ಬಟ್ಟಲು ಮೊಳಕೆ ಹೆಸರುಕಾಳು ಬೆರೆಸಿಕೊಳ್ಳಿ. ರೊಟ್ಟಿ, ಅನ್ನ, ಬೇಳೆಗಳಿಂದ ಬರುವುದನ್ನು ಕೂಡಿಸಿದರೆ 98 ದಾಟುತ್ತದೆ. ವ್ಹೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್) ಅನುಕೂಲಕ್ಕಾಗಿಯೇ ಹೊರತು ಅನಿವಾರ್ಯವಲ್ಲ. ಸ್ನಾಯುಗಳ ಶಕ್ತಿಗೆ ನೆರವಾಗುವ ಕ್ರಿಯೇಟಿನ್ ಎಂಬ ಪೂರಕ ದಿನಕ್ಕೆ 3ರಿಂದ 5 ಗ್ರಾಂ ಉಪಯುಕ್ತ, ಮಾಂಸ ತಿನ್ನದವರಿಗಂತೂ ಆಹಾರದಿಂದ ಅದು ಹೆಚ್ಚು ಸಿಗುವುದಿಲ್ಲ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಹದಿನಾಲ್ಕು ತಿಂಗಳಲ್ಲಿ ಒಂದೇ ಕೆ.ಜಿ. ಏರಿದ್ದರೆ ಪ್ರೋಟೀನ್ ಮಾತ್ರವಲ್ಲ, ಒಟ್ಟು ಊಟವೇ ಸಾಲುತ್ತಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ನೋಡಿ. ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಸರಿಯಾಗಿದೆ. ಅದಕ್ಕಿಂತ ವೇಗವಾಗಿ ಏರಿದರೆ ಹೆಚ್ಚಿನ ಪಾಲು ಸೊಂಟದ ಸುತ್ತ ಸೇರುತ್ತದೆ.

ರಾತ್ರಿಪಾಳಿ (ಬೆಂಗಳೂರು):

ಒಂದು ಸಣ್ಣ ಭಿನ್ನಾಭಿಪ್ರಾಯ. ವಾರಕ್ಕೆ ಎರಡು ಸಲ ಎಂಬುದನ್ನೇ ಮಂತ್ರವಾಗಿಸುವುದು ಬೇಡ. ವಾರದ ಒಟ್ಟು ಗಟ್ಟಿ ಸೆಟ್‌ಗಳು ಸಮನಾಗಿದ್ದರೆ ಒಂದು ದಿನಕ್ಕೂ ಎರಡು ದಿನಕ್ಕೂ ಫಲದಲ್ಲಿ ವ್ಯತ್ಯಾಸ ಅಲ್ಪ. ಒಂದೇ ದಿನ ತುರುಕಿದಾಗ ಕೊನೆಯ ಸೆಟ್‌ಗಳು ಸೊರಗುತ್ತವೆ ಎಂಬುದಷ್ಟೇ ಹಂಚಿಕೊಳ್ಳಲು ಕಾರಣ. ನನ್ನ ಕೆಲಸದ ಪಾಳಿಯಿಂದಾಗಿ ವಾರಕ್ಕೆ ಮೂರೇ ದಿನ, ದಿನಕ್ಕೆ ಐವತ್ತು ನಿಮಿಷ ಸಿಗುತ್ತದೆ. ಮೂರು ದಿನವೂ ಇಡೀ ದೇಹಕ್ಕೆ ಮಾಡುತ್ತೇನೆ. ಬೆಂಚ್ ಪ್ರೆಸ್‌ನ ಒಂದು ಸೆಟ್ ಆದ ಮೇಲೆ ಒಂದು ನಿಮಿಷ ಬಿಟ್ಟು ರೋ, ಮತ್ತೆ ಒಂದು ನಿಮಿಷ ಬಿಟ್ಟು ಬೆಂಚ್: ಎದೆ ವಿರಮಿಸುವಾಗ ಬೆನ್ನು ದುಡಿಯುವುದರಿಂದ ಬಲ ಕುಂದದೆ ಸಮಯ ಬಹಳಷ್ಟು ಉಳಿಯುತ್ತದೆ. ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ಗಳನ್ನು ಮಾತ್ರ ಹೀಗೆ ಜೋಡಿಸಬೇಡಿ, ಎರಡೂ ಕೆಳಬೆನ್ನನ್ನು ದಣಿಸುತ್ತವೆ.

ಗರಡಿಮಣ್ಣು (ಮೈಸೂರು):

ತಮ್ಮ ತಿದ್ದುಪಡಿ ಸರಿಯಾಗಿದೆ, ಒಪ್ಪುತ್ತೇನೆ. ಬೆಂಚ್ ಪ್ರೆಸ್‌ನ ಕೊನೆಯ ಸೆಟ್‌ನಲ್ಲಿ ಪಕ್ಕದಲ್ಲಿ ರಾಡ್ ಹಿಡಿಯುವವರಿಲ್ಲದಿದ್ದರೆ ಎರಡು ರೆಪ್ ಉಳಿಸಿಯೇ ನಿಲ್ಲಿಸಿ ಎಂಬುದನ್ನು ನಾನು ಮೊದಲೇ ಬರೆಯಬೇಕಿತ್ತು.

ಬೆಣ್ಣೆನಗರಿ (ಹತ್ತು ವಾರಗಳ ನಂತರ):

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ನಾಲ್ಕು ದಿನದ ಕ್ರಮವನ್ನು ಒಂದು ವ್ಯಾಯಾಮವನ್ನೂ ಬದಲಿಸದೆ ಪಾಲಿಸಿದ್ದೇನೆ. ಬೆಂಚ್ ಪ್ರೆಸ್ 50 ಕೆ.ಜಿ.ಯಲ್ಲಿ 10, 9, 9. ಡಂಬೆಲ್‌ನಿಂದ ಆರಂಭಿಸಿದ ಸ್ಕ್ವಾಟ್ ಈಗ 60 ಕೆ.ಜಿ.ಗೆ ಬಂದಿದೆ, ಮೊಣಕಾಲಿಗೆ ಏನೂ ಆಗಿಲ್ಲ. ದೇಹದ ತೂಕ 62.9. ಮೈನೋವು ಬಹುತೇಕ ನಿಂತಿದೆ. ಮೊದಲಾಗಿದ್ದರೆ ಅದಕ್ಕೇ ಗಾಬರಿಯಾಗುತ್ತಿದ್ದೆ. ಒಂದು ತೊಡಕು ಉಳಿದಿದೆ. ಓವರ್‌ಹೆಡ್ ಪ್ರೆಸ್ 30 ಕೆ.ಜಿ.ಯಲ್ಲಿ 12, 12, 12 ಆಗುತ್ತದೆ, 35 ಹಾಕಿದರೆ ನಾಲ್ಕಕ್ಕೆ ನಿಲ್ಲುತ್ತದೆ. ನಮ್ಮ ಜಿಮ್‌ನಲ್ಲಿ ಎರಡೂವರೆ ಕೆ.ಜಿ.ಗಿಂತ ಚಿಕ್ಕ ಪ್ಲೇಟ್ ಇಲ್ಲ.

ಗರಡಿಮಣ್ಣು (ಮೈಸೂರು):

ಓದಿ ಬಹಳ ಸಂತೋಷವಾಯಿತು. 30ಕ್ಕೆ 5 ಸೇರಿಸುವುದೆಂದರೆ ಆರನೆಯ ಒಂದು ಪಾಲು ಒಮ್ಮೆಗೇ ಏರಿಸಿದಂತೆ. ಓವರ್‌ಹೆಡ್ ಪ್ರೆಸ್‌ನಂಥ ಕಡಿಮೆ ತೂಕದ ವ್ಯಾಯಾಮಕ್ಕೆ ಅದು ಹೆಚ್ಚು. ಒಂದೂಕಾಲು ಕೆ.ಜಿ.ಯ ಜೋಡಿ ಪ್ಲೇಟ್‌ಗಳನ್ನು ಸ್ವಂತಕ್ಕೆ ಕೊಂಡು ಚೀಲದಲ್ಲಿಟ್ಟುಕೊಳ್ಳಿ, 32.5ರಲ್ಲಿ ಎಂಟು ರೆಪ್ ಬರುತ್ತದೆ. ಅವು ಸಿಗುವವರೆಗೆ 30ರಲ್ಲಿಯೇ 15ರವರೆಗೆ ಏರಿಸುತ್ತಾ ಹೋಗಿ. ಹತ್ತು ವಾರ ಬಿಡುವಿಲ್ಲದೆ ದುಡಿದಿದ್ದೀರಿ, ಈ ವಾರ ಅದೇ ತೂಕಗಳಲ್ಲಿ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ; ಮುಂದಿನ ಸೋಮವಾರ ಹೊಸ ಪುಟದಿಂದ ಆರಂಭಿಸಿ.